ಕಂಬ ಹತ್ತುವವನ ತಾಯಿತ

ಸಂಜೆ ಐದರಿಂದ ಆರು ಆಟದ ಹೊತ್ತು ಎಂದು ಗೊತ್ತುಮಾಡಿದವನು ನಾನೇ. ಮಗಳ ಮಗಳು ಬೇಸಿಗೆ ರಜೆಗೆ ಯಾದಗಿರಿಯಿಂದ ಶಹಾಪುರಕ್ಕೆ, ನಮ್ಮ ಮನೆಗೆ ಬಂದಿದ್ದಳು. ಹನ್ನೊಂದು ವರ್ಷ. ಎರಡೂ ಕಿವಿ ಮಂದವಾದ್ದರಿಂದ ಡಾಕ್ಟರು ಮಷಿನ್ ಹಾಕಿಸಿದ್ದರು. ಮನೆಯಲ್ಲಿ ಹಾಕಿಕೊಳ್ಳುತ್ತಿದ್ದಳು. ಶಾಲೆಗೆ ಮಾತ್ರ ಹಾಕಿಕೊಂಡು ಹೋಗುವುದಿಲ್ಲವೆಂದು ಹಟ. ಜೂನ್‌ನಲ್ಲಿ ಹೊಸ ಶಾಲೆ. ಹಿಂದಿನ ಬೆಂಚಿನಲ್ಲಿ ಏನೂ ಕೇಳಿಸದೆ ವರ್ಷ ಕಳೆದುಬಿಟ್ಟರೆ ಎಂದು ನನ್ನ ಮಗಳಿಗೆ ಚಿಂತೆ. ರಜೆ ಮುಗಿಯುವುದರೊಳಗೆ ಹೇಗಾದರೂ ಮಾಡಿ ಒಪ್ಪಿಸು ಎಂದು ನನಗೆ ಹೇಳಿ ಹೋಗಿದ್ದಳು.

ಬುದ್ಧಿ ಹೇಳಿದರೆ ಮೊಮ್ಮಗಳು ಕಿವಿಯಿಂದ ಮಷಿನ್ ತೆಗೆದು ಕೂರುತ್ತಿದ್ದಳು. ಹಾಗಾಗಿ ಆಟಕ್ಕೆ ಕೂತೆ.

ಆಕೆಯ ಆಟಕ್ಕೆ ಚೌಕದ ಮನೆ ಬರೆಯುವುದು, ಕಾಯಿ ನಡೆಸುವುದು ಇಲ್ಲ. ನೋಟ್‌ಬುಕ್ಕಿನಲ್ಲಿ ಆಕೆಯೇ ಬರೆದ ಒಂದು ರಾಜ್ಯವಿದೆ. ಆಡುವವರು ಅಲ್ಲಿಯ ಒಬ್ಬೊಬ್ಬರಾಗಿ, ಏನು ಮಾಡುತ್ತೇವೆಂದು ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ದಾಳ ಹೇಳುತ್ತದೆ. ದಾಳವನ್ನು ಆಕೆ ಯಾದಗಿರಿಯಲ್ಲೇ ಮರೆತು ಬಂದಿದ್ದರಿಂದ ನನ್ನ ಹೆಂಡತಿಯ ಚೌಕಾಬಾರದ ಕವಡೆ ತೆಗೆದುಕೊಟ್ಟೆ.

ರಾಜ್ಯದ ನಡುವೆ ಹೊಳೆ. ಈಚೆ ದಂಡೆಯಲ್ಲಿ ಗಾಲಿ, ತಂತಿ, ಮಷಿನ್‌ಗಳ ಊರು. ಆಚೆ ಸುರಪುರದಂಥ ಗುಡ್ಡದ ಮೇಲೆ ಮಂತ್ರದವರು. ನಾನು ಈಚೆಯ ಮಿಸ್ತ್ರಿ, ಆಕೆ ಆಚೆಯ ಮಂತ್ರವಾದಿ. ತನ್ನ ಸರದಿ ಬಂದಾಗಲೆಲ್ಲ ಎರಡೂ ಮಷಿನ್ ತೆಗೆದು ಡಬ್ಬಿಯಲ್ಲಿಡುತ್ತಿದ್ದಳು. ಆಮೇಲೆ ನಾನು ಕೂಗಿ ಆಡಬೇಕು.

ಮೂರನೆಯ ದಿನ ನನ್ನ ಮಿಸ್ತ್ರಿ ಹೊಳೆ ದಾಟಿ ಗುಡ್ಡದ ಬಾಗಿಲಿಗೆ ಬಂದ. ಆಕೆ ಕವಡೆ ಮುಟ್ಟಲೂ ಬಿಡಲಿಲ್ಲ.

"ನೀ ಒಳಗ ಬರಂಗಿಲ್ಲ ಮುತ್ಯಾ. ಮಷಿನ್ ಮುಟ್ಟಿದ್ರ ಮಂತ್ರ ಹೋಗ್ತದ. ರೂಲ್ ಅದ."

ರೂಲ್ ಎಂದರೆ ನನಗೂ ಗೌರವವೇ. ಎದ್ದುಹೋಗಿ ಕಪಾಟಿನಿಂದ ಕರೆಂಟ್ ಇದೆಯೋ ನೋಡುವ ನನ್ನ ಹಳೆಯ ಟೆಸ್ಟರ್ ಮತ್ತು ಬಟ್ಟೆಯ ತಾಯಿತ ತಂದು ಆಕೆಯ ಮುಂದಿಟ್ಟೆ. ಕೂಗದೆ, ನನ್ನ ಮಾಮೂಲಿ ದನಿಯಲ್ಲಿ ಕಥೆ ಶುರುಮಾಡಿದೆ. ಸ್ವಲ್ಪ ಹೊತ್ತು ನನ್ನ ತುಟಿ ನೋಡಿದಳು. ಆಮೇಲೆ ಡಬ್ಬಿ ತೆರೆದು ಮಷಿನ್ ಹಾಕಿಕೊಂಡಳು.

"ಮೊದಲಿಂದ ಹೇಳು."

ಮೊದಲಿಂದ ಹೇಳಿದೆ. ನಾನು ಲೈನ್‌ಮನ್ ಆಗಿ ಹತ್ತಿಕುಣಿ ಕಡೆ ಕೆಲಸಕ್ಕೆ ಸೇರಿದಾಗ ಅವ್ವ ತೋಳಿಗೆ ತಾಮ್ರದ ತಾಯಿತ ಕಟ್ಟಿದ್ದಳು. ಕಂಬ ಹತ್ತುವವನ ಮೈಮೇಲೆ ಲೋಹ ಇರಕೂಡದು, ಉಂಗುರ, ಗಡಿಯಾರ, ತಾಯಿತ ಎಲ್ಲ ತೆಗೆಯಬೇಕು ಎಂದು ಸಾಹೇಬರು ಹೇಳಿದರು. ತೆಗೆದರೆ ಅವ್ವ ಊಟ ಬಿಡುವವಳು. ಕಂಬದ ಬುಡದಲ್ಲಿ ಬಿಚ್ಚಿ, ಮನೆ ಹತ್ತಿರ ಬಂದಾಗ ಕಟ್ಟಿಕೊಳ್ಳುತ್ತಿದ್ದೆ. ಒಂದು ದಿನ ಮರೆತು ಎಡಗೈ ಬದಲು ಬಲಗೈಗೆ ಕಟ್ಟಿಕೊಂಡು ಮನೆಗೆ ಹೋದೆ. ಅವ್ವ ಕಾರಣ ಕೇಳಿ ತಿಳಿದುಕೊಂಡಳು, ಬೈಯಲಿಲ್ಲ. ತಾಮ್ರದ ಕೊಳವೆ ಒಡೆದು, ಒಳಗಿನ ಚೀಟಿ ತೆಗೆದು, ದಪ್ಪ ಬಟ್ಟೆಯಲ್ಲಿಟ್ಟು ಕರಿದಾರದಿಂದ ಹೊಲಿದಳು. ಸಾಹೇಬರು ಹಿಚುಕಿ ನೋಡಿ, ನಡೀಲಿ ಎಂದರು. ನಿವೃತ್ತಿಯಾಗುವ ತನಕ ಕ್ರಮ ಒಂದೇ: ಲೈನ್ ಬಂದ್ ಮಾಡಿಸು, ಟೆಸ್ಟರ್ ಇಟ್ಟು ನೋಡು, ತಾಯಿತ ಮುಟ್ಟಿಕೋ, ಹತ್ತು.

ಮೊಮ್ಮಗಳು ತಾಯಿತವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಟೆಸ್ಟರ್, ತಾಯಿತ ಎರಡರಲ್ಲಿ ನಿನ್ನನ್ನು ಕಾಪಾಡಿದ್ದು ಯಾವುದು ಎಂದು ಕೇಳಿದಳು.

"ಒಂದನ್ನ ಬಿಟ್ಟು ಹತ್ತಿ ನೋಡಿಲ್ಲವ್ವ."

"ಅಂಜುಬುರುಕ ಇದ್ದಿ."

"ಹೌದು. ಅದಕ್ಕ ಇನ್ನೂ ನಿನ್ನ ಮುಂದ ಕೂತೀನಿ."

ಆಕೆ ನೋಟ್‌ಬುಕ್ ತೆರೆದಳು. ಸ್ಕೇಲ್ ಇಟ್ಟು ಹಳೆಯ ರೂಲ್ ಮೇಲೆ ನೇರ ಗೆರೆ ಎಳೆದಳು. ಕೆಳಗೆ ಬರೆದಳು: ಮಂತ್ರದವರು ಮಷಿನ್ ಹಾಕಿಕೊಳ್ಳಬಹುದು, ಆದರೆ ಅದಕ್ಕೆ ದಾರ ಕಟ್ಟಿರಬೇಕು. ನನ್ನ ಹೆಂಡತಿಯ, ಅಂದರೆ ಆಕೆಯ ಆಯಿಯ ಹತ್ತಿರ ಕರಿದಾರ ಇಸಿದುಕೊಂಡು ಎರಡೂ ಮಷಿನ್‌ಗೆ ಒಂದೊಂದು ಗಂಟು ಹಾಕಿದಳು. ಆರು ಗಂಟೆ ದಾಟಿ ಹತ್ತು ನಿಮಿಷವಾಗಿತ್ತು. ನಾನು ಗಡಿಯಾರ ನೋಡಲಿಲ್ಲ ಎಂದು ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ.

ಶಾಲೆ ಶುರುವಾದ ದಿನ ಮೊದಲ ಬಸ್ಸಿಗೆ ಯಾದಗಿರಿಗೆ ಹೋದೆ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹೊರಗೆ ನಿಂತೆ. ಬಿಗಿಯಾಗಿ ಎರಡು ಜಡೆ ಹಾಕಿಕೊಂಡು ಬಂದಳು. ಎರಡೂ ಕಿವಿ ಬಯಲಿಗೆ, ಕರಿಗಂಟು ಕಾಣುವಂತೆ. ಪಕ್ಕದ ಹುಡುಗಿ ಈ ದಾರ ಯಾಕೆ ಎಂದು ಕೇಳಿದಳಂತೆ.

"ನೀ ಏನಂದಿ?"

"ಆಟಕ್ಕ ಬಾ, ಗೊತ್ತಾಗ್ತದ ಅಂದೆ. ಯಾವಾಗ ಅಂದಳು." ನನ್ನ ಕೈ ಹಿಡಿದುಕೊಂಡಳು. "ಸಂಜಿ ಐದಕ್ಕ, ತಡ ಮಾಡಬ್ಯಾಡ ಅಂದೀನಿ."