ರುಬ್ಬುವ ಮೆಷೀನಿನ ವಿಚಾರಣೆ

ನಮ್ಮ ಮನೆಯಲ್ಲಿ ಒರಳಿನ ಮುಂದೆ ಕೂರುತ್ತಿದ್ದವರು ಇಬ್ಬರು, ನಾನು ಮತ್ತು ನನ್ನ ಓರಗಿತ್ತಿ. ರುಬ್ಬುವ ಮೆಷೀನು ಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಲು ಕೂತವರು ಮಾತ್ರ ಗಂಡಸರು. ಅವರಲ್ಲಿ ಒಬ್ಬರೂ ಹುಟ್ಟಿದಾಗಿನಿಂದ ಒಂದು ಹಿಡಿ ಉದ್ದು ರುಬ್ಬಿದವರಲ್ಲ. ಇಷ್ಟು ವರ್ಷವಾದರೂ ಆ ಸಭೆ ನೆನಪಾದರೆ ನನಗೆ ಮೈ ಉರಿಯುತ್ತದೆ.

ಆಗ ಯುದ್ಧದ ಕಾಲ. ಶಿವಮೊಗ್ಗದ ಕೋಟೆಯ ಕಡೆ ನಮ್ಮ ಮನೆ. ಮಾವನವರು ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ನಿವೃತ್ತಿಯ ಸುದ್ದಿ ಅವರ ನಾಲಿಗೆಗೆ ಇನ್ನೂ ಮುಟ್ಟಿರಲಿಲ್ಲ. ಹಾಲಿಗೆ ನೀರು ಬೆರೆತಿದೆ ಎಂಬ ಅನುಮಾನ ಬಂದರೂ ಸಾಕು, ಹಾಲಿನವಳನ್ನು ಜಗಲಿಯ ಕೆಳಗೆ ನಿಲ್ಲಿಸಿ ಎಮ್ಮೆಯ ವಯಸ್ಸು, ಮೇವು, ಹಿಂದಿನ ಮಾಲೀಕರ ವಿವರ ಎಲ್ಲ ಕೇಳುತ್ತಿದ್ದರು. ಅಷ್ಟರಲ್ಲಿ ಇದ್ದ ಹಾಲೂ ಒಡೆದುಹೋಗುತ್ತಿತ್ತು. ಅತ್ತೆ ನಾನು ಮದುವೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ಭಾವನವರಿಗೆ ಸರ್ವೆ ಕೆಲಸ, ತಿಂಗಳಲ್ಲಿ ಇಪ್ಪತ್ತು ದಿನ ಊರೂರು ತಿರುಗಾಟ. ನನ್ನ ಯಜಮಾನರಿಗೆ ಅಪ್ಪನ ಎದುರು ಬಾಯಿಯೇ ಇರಲಿಲ್ಲ. ಅಡಿಗೆಮನೆ ನಮ್ಮಿಬ್ಬರದು, ಉಣ್ಣುವವರು ಹನ್ನೊಂದು ಜನ.

ಓರಗಿತ್ತಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಹದಿನಾಲ್ಕು ವರ್ಷಕ್ಕೆ ಈ ಮನೆಗೆ ಬಂದು ಆ ಕಲ್ಲಿನ ಮುಂದೆ ಕೂತವಳು. ನಾನು ಬರುವ ಹೊತ್ತಿಗೆ ಅವಳ ಬಲಭುಜ ಹಿಡಿದುಕೊಂಡಿತ್ತು. ತಲೆ ಬಾಚಿಕೊಳ್ಳಲು ಕೈ ಏಳುತ್ತಿರಲಿಲ್ಲ, ನಾನೇ ಜಡೆ ಹಾಕುತ್ತಿದ್ದೆ. ಬಡಿಸುವಾಗ ಎಡಗೈಯಿಂದ ಬಲ ಮೊಣಕೈಗೆ ಆಸರೆ ಕೊಟ್ಟು ಸೌಟು ಎತ್ತುತ್ತಿದ್ದಳು. ಔಷಧಿ ಕೊಡುವ ಪಂಡಿತರು, ಇನ್ನು ಆರು ತಿಂಗಳು ರುಬ್ಬುವುದನ್ನು ಬಿಡದಿದ್ದರೆ ಈ ಕೈ ನಿಮ್ಮದಲ್ಲ ಎಂದು ನೇರವಾಗಿಯೇ ಹೇಳಿದ್ದರು. ಮಾವನವರು ಎಳ್ಳೆಣ್ಣೆ ಹಚ್ಚಿಸಿದರು. ಅಷ್ಟಕ್ಕೆ ಆ ವಿಷಯ ಮುಗಿಯಿತು ಅವರ ಮಟ್ಟಿಗೆ.

ರುಬ್ಬುವುದನ್ನೆಲ್ಲ ನಾನೇ ಎತ್ತಿಕೊಂಡೆ. ಆದರೆ ನಾನು ಬಸುರಿ, ಏಳನೇ ತಿಂಗಳಿಗೆ ಹೆರಿಗೆಗೆಂದು ಆಯನೂರಿನ ತವರಿಗೆ ಹೊರಡಬೇಕು. ಬಾಣಂತನ ಮುಗಿಸಿ ಬರುವುದೆಂದರೆ ಆರೇಳು ತಿಂಗಳು. ಅಷ್ಟು ದಿನವೂ ಆ ಕಲ್ಲಿನ ಮುಂದೆ ಅಕ್ಕ ಒಬ್ಬಳೇ. ಅವಳು ಒಂದು ದಿನವೂ ಇದನ್ನು ಬಾಯಿಬಿಟ್ಟು ಆಡಲಿಲ್ಲ. ನನ್ನ ಹೊಟ್ಟೆ ನೋಡಿ ತಿಂಗಳು ಎಣಿಸುತ್ತಿದ್ದಳು, ಅದು ನನಗೆ ಗೊತ್ತಾಗುತ್ತಿತ್ತು.

ಅಂಥ ಹೊತ್ತಿನಲ್ಲಿ ಒಂದು ಭಾನುವಾರ ಮೈದುನ ಸುದ್ದಿ ತಂದ. ಅವನು ಭದ್ರಾವತಿಯಲ್ಲಿ ಗುಮಾಸ್ತ. ಅಲ್ಲೊಬ್ಬ ತಮಿಳು ಫಿಟ್ಟರ್ ಕಬ್ಬಿಣದ ಪೀಪಾಯಿಯೊಳಗೆ ಕಲ್ಲು ಕೂರಿಸಿ, ಕೆಳಗೆ ಮೋಟಾರು ಇಟ್ಟು ರುಬ್ಬುವ ಮೆಷೀನು ಮಾಡಿದ್ದನಂತೆ. ಒಂದು ಅವನ ಮನೆಯಲ್ಲಿತ್ತು, ಇನ್ನೊಂದು ಮಾರಾಟಕ್ಕಿತ್ತು. "ಸ್ವಿಚ್ ಹಾಕಿದ್ರೆ ಆಯ್ತು ಅಪ್ಪ, ಅದರ ಪಾಡಿಗೆ ಅದು ತಿರುಗುತ್ತೆ. ಅತ್ತಿಗೆ ಕೈಗೆ ಸ್ವಲ್ಪ ಬಿಡುವು ಸಿಗುತ್ತೆ" ಎಂದ. ಬೆಲೆ ಒಂದು ಜೊತೆ ಎತ್ತಿನಷ್ಟು ಎಂದಾಗ ಮಾವನವರು ಕನ್ನಡಕ ತೆಗೆದು ಒರೆಸಿಕೊಂಡರು. "ವಿಚಾರ ಮಾಡಬೇಕಾದ ವಿಷಯ" ಎಂದರು.

ಹಿಂದಿನ ವರ್ಷ ಅದಕ್ಕಿಂತ ಹೆಚ್ಚು ಕೊಟ್ಟು ರೇಡಿಯೋ ತಂದಾಗ ಯಾರೂ ವಿಚಾರ ಮಾಡಿರಲಿಲ್ಲ. ಬೆಳಿಗ್ಗೆ ಮನಸ್ಸಾಯಿತು, ಸಂಜೆ ನಡುಮನೆಯಲ್ಲಿ ಅದು ಗೊರಗೊರ ಎನ್ನುತ್ತಿತ್ತು. ಯುದ್ಧದ ಸುದ್ದಿ ಕೇಳದಿದ್ದರೆ ಕೋಟೆಯ ಕಡೆಯ ನಮ್ಮ ಮನೆಯಿಂದ ಯುದ್ಧಕ್ಕೆ ಏನು ಕೊರತೆಯಾಗುತ್ತಿತ್ತೋ ನನಗೆ ತಿಳಿಯದು. ದಿನಾ ಸಂಜೆ ಅದರ ಮುಂದೆ ಕೂತು, ಯಾವ ಸೇನಾಪತಿ ಎಲ್ಲಿ ಎಡವಿದ ಎಂದು ಚರ್ಚೆ ಮಾಡುತ್ತಾ ಇವರು ತಿನ್ನುತ್ತಿದ್ದ ಅಂಬೊಡೆಗೆ ಬೇಳೆ ರುಬ್ಬುತ್ತಿದ್ದವರು ನಾವು.

ಮೆಷೀನಿನ ವಿಚಾರಣೆಗೆ ಪಕ್ಕದ ಮನೆಯ ಜೋಯಿಸರೂ ಬಂದು ಕೂತರು. ಅವರ ಮೊದಲ ಆಕ್ಷೇಪಣೆ ಮಡಿಯದು. ಮೋಟಾರಿನಿಂದ ಕಲ್ಲಿಗೆ ಚರ್ಮದ ಪಟ್ಟಿ ಇರುತ್ತದೆ, ಚರ್ಮ ತಿರುಗಿಸಿದ ಹಿಟ್ಟು ದೇವರ ನೈವೇದ್ಯಕ್ಕೆ ಬರುವುದಿಲ್ಲ ಎಂದರು. ಅದೇ ಜೋಯಿಸರು ಪ್ರತಿ ವರ್ಷ ಊರಿನ ಗಿರಣಿಯಲ್ಲಿ ಭತ್ತ ಕುಟ್ಟಿಸುತ್ತಿದ್ದರು. ಆ ಗಿರಣಿಯ ಪಟ್ಟಿ ತಾವರೆ ನಾರಿನದೇನೂ ಆಗಿರಲಿಲ್ಲ. ಒಳಗಿನಿಂದ ಕೇಳುತ್ತಿದ್ದ ನನಗೆ ನಗು ಬಂತು, ಅಕ್ಕ ನನ್ನ ತೊಡೆ ಚಿವುಟಿ ಸುಮ್ಮನಾಗಿಸಿದಳು. ದಪ್ಪ ಬಟ್ಟೆಯ ಪಟ್ಟಿ ಹಾಕಿಸಬಹುದು ಎಂದು ಮೈದುನ ಹೇಳಿದ. ಆಗ ಜೋಯಿಸರು ಇನ್ನೊಂದು ಹೊರತೆಗೆದರು: "ಬಸುರಿ ಹೆಂಗಸು ರುಬ್ಬಿದ್ರೆ ಹೆರಿಗೆ ಸಲೀಸು." ಎಷ್ಟು ಹೆತ್ತಿದ್ದರೋ ಅವರು!

ಕೊನೆಗೆ ಸ್ಥಳ ಪರಿಶೀಲನೆ ಆಗಲೇಬೇಕು ಎಂದು ಮಾವನವರು ಅಪ್ಪಣೆ ಮಾಡಿದರು. ನೆನೆಸಿದ ಉದ್ದು, ಅಕ್ಕಿತರಿ ನಮ್ಮ ಮನೆಯದೇ ಆಗಬೇಕು, ಅದನ್ನು ಮುಟ್ಟಲು ನಮ್ಮ ಮನೆಯ ಹೆಂಗಸೇ ಬೇಕು. ಅದಕ್ಕಾಗಿ ನನ್ನನ್ನು ಕರೆದುಕೊಂಡು ಹೋದರು. ಡಬರಿ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಕೂತೆ. ಜೋಯಿಸರು ದಾರಿಯುದ್ದಕ್ಕೂ ಭದ್ರಾವತಿಯನ್ನು ಬೆಂಕಿಪುರ ಎನ್ನುತ್ತಲೇ ಇದ್ದರು, ಹೊಸ ಹೆಸರು ಅವರ ಬಾಯಿಗೆ ಮೈಲಿಗೆ. ರೈಲಿನಲ್ಲಿ ಮಡಿ ಏನಾಯಿತು ಎಂದು ಮೈದುನ ಕೇಳಿದ್ದಕ್ಕೆ, ಪರೀಕ್ಷೆಗೆಂದು ಮಾಡಿದ್ದಕ್ಕೆ ದೋಷವಿಲ್ಲ ಎಂದರು. ಅವರಿಗೆ ಬೇಕಾದಾಗ ಶಾಸ್ತ್ರ ಎಷ್ಟು ಮೆತ್ತಗಾಗುತ್ತಿತ್ತು!

ಫಿಟ್ಟರ್ ಮನೆ ಕಾರ್ಖಾನೆಯ ಕೆಲಸಗಾರರ ಸಾಲು ಮನೆಗಳಲ್ಲೊಂದು. ಮೆಷೀನು ನೋಡಲು ಚೆನ್ನಾಗೇನೂ ಇರಲಿಲ್ಲ. ಕಪ್ಪು ಪೀಪಾಯಿ, ನಾಲ್ಕು ಕಬ್ಬಿಣದ ಕಾಲು, ಕೆಳಗೆ ಎಣ್ಣೆ ಜಿಡ್ಡಿನ ಮೋಟಾರು. ನಾನು ಅರ್ಧ ಉದ್ದು ಹಾಕಿದೆ, ಫಿಟ್ಟರ್ ಸ್ವಿಚ್ ಹಾಕಿದ. ಗಿಡಿಗಿಡಿ ಸದ್ದಿಗೆ ಜೋಯಿಸರು ಎರಡು ಹೆಜ್ಜೆ ಹಿಂದೆ ಸರಿದರು. ಮಾವನವರು ಮೋಟಾರು ಎಷ್ಟು ಕುದುರೆಯ ಬಲದ್ದು, ಎಲ್ಲಿಯ ಕಬ್ಬಿಣ, ಕಲ್ಲಿನ ತೂಕವೆಷ್ಟು ಎಂದು ಕೇಳಿದ್ದೇ ಕೇಳಿದ್ದು.

"ಅದೆಲ್ಲ ಇರ್ಲಿ ಸಾರ್. ಉಪಯೋಗ ಉಂಟಾ ಇಲ್ಲವಾ ಅಂತ ನಮ್ ಮನೆಯವಳ್ನ ಕೇಳಿ" ಎಂದ ಫಿಟ್ಟರ್.

ಯಾರೂ ಕೇಳಲಿಲ್ಲ. ಅವನ ಹೆಂಡತಿ ಗೋಡೆಗೆ ಒರಗಿ ಕೂತು ಹೂವು ಕಟ್ಟುತ್ತಿದ್ದಳು. ಪಕ್ಕದಲ್ಲಿ ಹಿಟ್ಟು ತಾನಾಗಿ ನುಣ್ಣಗಾಗುತ್ತಿತ್ತು. ಒಮ್ಮೆ ಎದ್ದು ಒಂದಿಷ್ಟು ನೀರು ಚಿಮುಕಿಸಿ ಮತ್ತೆ ಕೂತಳು. ಅವಳ ಎರಡು ಕೈಗಳನ್ನೂ ನಾನು ನೋಡುತ್ತಲೇ ನಿಂತೆ. ಹೊಟ್ಟೆಕಿಚ್ಚಾಯಿತು ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಇದು ಅಕ್ಕನಿಗೆ ಸಿಗಲೇಬೇಕು ಎಂದು ಅಲ್ಲಿಯೇ ಮನಸ್ಸಿನಲ್ಲಿ ಹರಕೆ ಹೊತ್ತೆ.

ಹಿಟ್ಟು ಮುಟ್ಟಿ ನೋಡಿದೆ. ಚೆನ್ನಾಗಿತ್ತು. ಸ್ವಲ್ಪ ಬಿಸಿಯಾಗಿತ್ತು, ಅಷ್ಟೆ.

ಇಲ್ಲಿಗೆ ಒಪ್ಪಿಕೊಂಡಿದ್ದರೆ ಮಾವನವರು ಶಿರಸ್ತೇದಾರರು ಹೇಗಾದಾರು? ಮೆಷೀನಿನ ಹಿಟ್ಟನ್ನು ಮನೆಗೆ ಒಯ್ಯಬೇಕು, ಉಳಿದರ್ಧ ಉದ್ದನ್ನು ಮನೆಯ ಕಲ್ಲಿನಲ್ಲಿ ರುಬ್ಬಬೇಕು, ಬೆಳಿಗ್ಗೆ ಎರಡರ ಇಡ್ಲಿಯನ್ನೂ ಪಂಕ್ತಿಯಲ್ಲಿ ಬಡಿಸಬೇಕು, ಮೆಷೀನು ಗೆದ್ದರೆ ಕೊಳ್ಳುವುದು, ಸೋತರೆ ಬಿಡುವುದು ಎಂದು ತೀರ್ಮಾನ ಹೇಳಿದರು. ಭುಜದ ಮಾತು ಆ ತೀರ್ಮಾನದಲ್ಲಿ ಎಲ್ಲಿಯೂ ಇರಲಿಲ್ಲ. ಇಡ್ಲಿಯ ಮಾತಿತ್ತು.

ಸಂಜೆ ಮನೆಗೆ ಬಂದು ಕಾಲು ತೊಳೆದು ಒರಳಿನ ಮುಂದೆ ಕೂತೆ. ಅಕ್ಕ ಹತ್ತಿರ ಬಂದು ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಮೆಲ್ಲಗೆ, "ನುಣ್ಣಗೆ ಮಾಡ್ಬೇಡ ಮಾರಾಯ್ತಿ. ತರಿ ಇರೋವಾಗ್ಲೇ ತೆಗೆದ್ಬಿಡು" ಎಂದಳು. ಈ ಮನೆಯಲ್ಲಿ ಅವಳು ತನಗಾಗಿ ಏನನ್ನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಹೂಂ ಅಕ್ಕ, ಅಷ್ಟೂ ಗೊತ್ತಾಗಲ್ವಾ ನಂಗೆ?" ಎಂದೆ. ಅವಳು ನಕ್ಕಳು.

ಎರಡು ಸುತ್ತು ತಿರುಗಿಸಿದ್ದೆ. ಜಗಲಿಯಿಂದ ಜೋಯಿಸರ ಧ್ವನಿ ಕೇಳಿತು: "ಈಗಿನ ಹುಡುಗೀರ ಕೈಲಿ ಕಲ್ಲೇನು, ಮೆಷೀನೇನು? ನಮ್ಮಮ್ಮ ರುಬ್ಬಿದ ಉದ್ದು ಗಾಳಿಗೆ ಹಾರ್ತಿತ್ತು. ಇವರದ್ದು ಗೋಡೆಗೆ ಮೆತ್ತಬಹುದು." ಮಾವನವರು ನಕ್ಕರು. ನನ್ನ ಯಜಮಾನರೂ ನಕ್ಕರು.

ನನಗೆ ಎಲ್ಲಿತ್ತೋ ಸಿಟ್ಟು. ಆಯನೂರಿನಲ್ಲಿ ನನ್ನಮ್ಮ ಕಲಿಸಿದ ಹದವನ್ನೆಲ್ಲ ಆ ಕಲ್ಲಿಗೆ ಸುರಿದೆ. ಬಲಗೈಯಲ್ಲಿ ಗುಂಡು, ಎಡಗೈಯಲ್ಲಿ ಹಿಟ್ಟು ತಳ್ಳುವುದು, ಬೆರಳ ತುದಿಯಿಂದ ಹನಿಹನಿಯಾಗಿ ನೀರು. ಬೆವರು ಕಣ್ಣಿಗಿಳಿದರೂ ನಿಲ್ಲಿಸಲಿಲ್ಲ. ಹಿಟ್ಟು ಉಬ್ಬಿ ಉಬ್ಬಿ ಒರಳಿನ ಬಾಯಿಗೆ ಬಂತು. ಒಂದು ತೊಟ್ಟು ತೆಗೆದು ನೀರಿನ ಚೊಂಬಿಗೆ ಬಿಟ್ಟೆ. ಅದು ಮುಳುಗದೆ ತೇಲಿತು. ಹಾಗೆ ತೇಲುವ ಹಿಟ್ಟನ್ನು ನಾನು ಅದಕ್ಕೆ ಮೊದಲು ರುಬ್ಬಿರಲಿಲ್ಲ, ಆಮೇಲೂ ರುಬ್ಬಲಿಲ್ಲ. ಈಗ ಹೇಳಲಿ ನೋಡೋಣ ಎಂದು ಜಗಲಿಯ ಕಡೆ ನೋಡಿದೆ. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಚೊಂಬಿನೊಳಗೆ ಇಣುಕಿದಳು. ಒಲೆಯ ಕಡೆ ಹೋದಳು.

ಬೆಳಿಗ್ಗೆ ಪಂಕ್ತಿಯಲ್ಲಿ ಎಲೆಯ ಎಡಕ್ಕೆ ಮೆಷೀನಿನ ಇಡ್ಲಿ, ಬಲಕ್ಕೆ ಕಲ್ಲಿನ ಇಡ್ಲಿ. ಮಾವನವರು ಎರಡನ್ನೂ ಒತ್ತಿದರು, ಮುರಿದರು, ಮೂಸಿದರು. ಜೋಯಿಸರು ತಮ್ಮ ಪಾಲಿನ ಪರೀಕ್ಷೆಗೆ ಒಂಬತ್ತು ಇಡ್ಲಿ ತೆಗೆದುಕೊಂಡರು. "ಕೈಯ ಹದ ಕಬ್ಬಿಣಕ್ಕೆ ಎಲ್ಲಿಂದ ಬರಬೇಕು? ನಮ್ಮ ಸೊಸೆ ಮುಂದೆ ಮೆಷೀನಾ?" ಎಂದು ಮಾವನವರು ಬೀದಿಗೆ ಕೇಳುವಂತೆ ಹೇಳಿದರು. ಒಂದು ಕ್ಷಣ, ನಿಜ ಹೇಳುತ್ತೇನೆ, ನಾನು ಉಬ್ಬಿಹೋದೆ. ಆಮೇಲೆ ಅಕ್ಕ ಮೊಣಕೈ ಹಿಡಿದುಕೊಂಡು ಚಟ್ನಿ ಬಡಿಸಲು ಬಾಗಿದ್ದು ಕಂಡಿತು.

ಮೆಷೀನು ಬೇಡ ಎಂದು ಮೈದುನ ಫಿಟ್ಟರ್‌ಗೆ ಹೇಳಿಕಳಿಸಿದ. ಹೆಂಗಸರ ಸರದಿ ಬರುವ ಹೊತ್ತಿಗೆ ಎರಡು ಬಗೆಯ ಇಡ್ಲಿಯೂ ಖಾಲಿಯಾಗಿತ್ತು. ಆ ಮೆಷೀನಿನ ಹಿಟ್ಟಿನ ರುಚಿ ನಾನು ಇವತ್ತಿಗೂ ಕಂಡಿಲ್ಲ. ತಪ್ಪಾಯ್ತು ಎಂದು ಅಕ್ಕನಿಗೆ ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಏಳನೇ ತಿಂಗಳಿಗೆ ಗಾಡಿ ಹತ್ತಿ ಆಯನೂರಿಗೆ ಹೋದೆ. ಅಲ್ಲಿ ಅಮ್ಮ ಎಣ್ಣೆ ಹಚ್ಚಿ ನೀರು ಹಾಕುವಾಗಲೆಲ್ಲ ಮಾವನವರನ್ನೂ ಜೋಯಿಸರನ್ನೂ ಬೈಯುತ್ತಿದ್ದೆ. ಬೈಯಲು ಅವರಿಬ್ಬರು ಇದ್ದದ್ದು ನನಗೆ ಎಷ್ಟು ಅನುಕೂಲವಾಗಿತ್ತೆಂದು ಆಗ ತಿಳಿದಿರಲಿಲ್ಲ.

ಮಗುವಿನೊಂದಿಗೆ ಹಿಂತಿರುಗಿದಾಗ ಅಕ್ಕ ಒರಳಿನ ಮುಂದೆ ಕೂತಿದ್ದಳು. ಎಡಗೈಯಲ್ಲಿ ರುಬ್ಬುತ್ತಿದ್ದಳು. ಬಲಗೈ ಮಡಿಲಲ್ಲಿ ಬಿದ್ದಿತ್ತು. ನನ್ನನ್ನು ಕಂಡು ಮುಖವೆಲ್ಲ ಅರಳಿತು. ಸೆರಗಿಗೆ ಕೈ ಒರೆಸಿಕೊಂಡು ಕಾಲು ಚಾಚಿದಳು.

"ತೊಡೆ ಮೇಲೆ ಹಾಕು ಮಾರಾಯ್ತಿ, ನಂಗೆ ಎತ್ಕೊಳಕ್ಕಾಗಲ್ಲ."

ಮಗುವನ್ನು ಮಲಗಿಸಿದೆ. ಅದರ ಕೆನ್ನೆ ಸವರುತ್ತಾ, ಸಿಟ್ಟಿಲ್ಲದೆ, ಊರಿನ ಸುದ್ದಿ ಹೇಳುವ ಹಾಗೆಯೇ ಹೇಳಿದಳು: "ನೀನು ಬಂದಿದ್ದು ಒಳ್ಳೇದಾಯ್ತು. ಮಾವನೋರು ಪ್ರತಿ ಸಲ ಇಡ್ಲಿ ಮುರಿದು, ಅವಳ ಹಿಟ್ಟಿನ ಹಾಗಿಲ್ಲ, ಇನ್ನೂ ಸ್ವಲ್ಪ ರುಬ್ಬಬೇಕಿತ್ತು ಅಂತಿದ್ರು. ನಾನು ಮರುದಿನ ಇನ್ನೂ ಸ್ವಲ್ಪ ಹೊತ್ತು ಕೂರ್ತಿದ್ದೆ. ಚೊಂಬಿಗೆ ಬಿಟ್ಟು ಬಿಟ್ಟು ನೋಡ್ತಿದ್ದೆ. ತೇಲಲೇ ಇಲ್ಲ ಕಣೆ."