ಸೊನ್ನೆಯಿಂದ ಎಣಿಸುವ ಡಿಸ್ಕು

ಅಕ್ಕನ ಲ್ಯಾಪ್‌ಟಾಪಿನಲ್ಲಿ ಎರಡು ಕಾರ್ಯಾಚರಣೆ ವ್ಯವಸ್ಥೆಗಳು ಬೇಕಾಗಿದ್ದವು. ಅವಳು ಕನ್ನಡ ಟೈಪ್ ಮಾಡುವ ತಂತ್ರಾಂಶ ಬಹಳ ಹಳೆಯದು. ಹಳೆಯ ವಿಂಡೋಸ್ ಬಿಟ್ಟರೆ ಬೇರೆಲ್ಲೂ ಓಡುವುದಿಲ್ಲ. ಆ ಹಳೆಯ ವಿಂಡೋಸಿನಲ್ಲಿ ಇಮೇಲ್ ಕೂಡ ಈಗ ನೆಟ್ಟಗೆ ತೆರೆಯುವುದಿಲ್ಲ. ಹಾರ್ಡ್ ಡಿಸ್ಕನ್ನು ಪೂರ್ತಿ ಖಾಲಿ ಮಾಡಿ ಮೂರು ಭಾಗ ಮಾಡುವುದು, ಒಂದರಲ್ಲಿ ಹಳೆಯ ವಿಂಡೋಸ್, ಎರಡನೆಯದರಲ್ಲಿ ಲಿನಕ್ಸ್, ಮೂರನೆಯದರಲ್ಲಿ ಅವಳ ಕಡತಗಳು ಎಂದು ನಾನು ತೀರ್ಮಾನಿಸಿದೆ. ನನ್ನ ಕಂಪ್ಯೂಟರಿನಲ್ಲಿ ಇದೇ ಕೆಲಸವನ್ನು ಎರಡು ಸಲ ಮಾಡಿದ್ದೆ. ನಿವೃತ್ತನಾದ ಮೇಲೆ ಕಲಿತ ವಿದ್ಯೆ. ಅದಕ್ಕೂ ಮೊದಲು ನಾನು ಸ್ಟೇಷನ್ ಮಾಸ್ತರ. ಕೊನೆಯ ಕೆಲವು ವರ್ಷ ದೇಸೂರಿನಲ್ಲಿದ್ದೆ.

ಅಕ್ಕ ಖಾನಾಪುರದಲ್ಲಿ ಶಿಕ್ಷಕಿಯಾಗಿದ್ದವಳು. ನಿವೃತ್ತಿಯ ನಂತರ ಆರು ವರ್ಷ ಸುತ್ತಲಿನ ಹಳ್ಳಿಗಳನ್ನು ತಿರುಗಿ ಹೊಲಗಳ ಹೆಸರು ಕೂಡಿಸಿದ್ದಳು. ಕಾಗದಪತ್ರದಲ್ಲಿ ಹೊಲಕ್ಕೆ ನಂಬರು ಮಾತ್ರ ಇರುತ್ತದೆ. ಹುಣಸಿಪಟ್ಟಿ, ಕಲ್ಲಹಕ್ಕಲ, ಸೊಸಿಹಕ್ಕಲ ಎಂಬ ಹೆಸರುಗಳು ಉಳುವವರ, ಕುರಿ ಮೇಯಿಸುವವರ ಬಾಯಲ್ಲಿವೆ. ಆ ಹೆಸರು ಹೇಗೆ ಬಂತೆಂದು ಅವರು ಹೇಳಿದ್ದನ್ನೆಲ್ಲ ಅವಳು ಧ್ವನಿಮುದ್ರಿಸಿಕೊಂಡಿದ್ದಳು. ಅರ್ಧ ಕನ್ನಡ, ಅರ್ಧ ಮರಾಠಿ. ಹೇಳಿದವರಲ್ಲಿ ಹಲವರು ಈಗ ಇಲ್ಲ.

ಲ್ಯಾಪ್‌ಟಾಪ್ ತರಲು ಖಾನಾಪುರಕ್ಕೆ ಹೋದಾಗ ಅವಳು ಅದನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ಕೈಗಿಟ್ಟಳು.

“ಎಲ್ಲಾ ಇದರಾಗ ಐತಿ, ತಮ್ಮಾ. ಬ್ಯಾರೆ ಎಲ್ಲೂ ಇಲ್ಲ.”

“ನಾ ಅದೀನಲ್ಲ.”

“ನೀ ಇದ್ದದ್ದಕ್ಕ ಹೇಳಾಕತ್ತೀನಿ. ನಿನ್ನ ಶಿಸ್ತು ನೋಡಿದ್ರ ನನಗ ಅಂಜಿಕಿ ಬರ್ತದ.”

ಮರುದಿನ ಸದಾಶಿವನಗರದ ನನ್ನ ಮನೆಯಲ್ಲಿ, ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಕೆಲಸಕ್ಕೆ ಕುಳಿತೆ. ಮೇಜಿನ ಮೇಲೆ ಹದಿನಾಲ್ಕು ಹೆಜ್ಜೆಗಳನ್ನು ಬರೆದ ಚೀಟಿ, ಪಕ್ಕದಲ್ಲಿ ಕೆಂಪು ಪೆನ್ಸಿಲ್. ಒಂದೊಂದು ಹೆಜ್ಜೆ ಮುಗಿದಂತೆ ಒಂದೊಂದು ಗುರುತು. ನಾಲ್ಕನೆಯ ಹೆಜ್ಜೆಯಲ್ಲಿ ಅಕ್ಕನ ಕಡತಗಳು ನನ್ನ ಹೊರಗಿನ ಡಿಸ್ಕಿಗೆ ಹೋಗಬೇಕಿತ್ತು. ಬೇರೆಯವರಾಗಿದ್ದರೆ ನಕಲು ಮಾಡುತ್ತಿದ್ದರು. ನಾನು ಕಡತಗಳನ್ನೇ ಎತ್ತಿ ಅಲ್ಲಿಗೆ ಸಾಗಿಸಿದೆ. ಒಂದೇ ಗಾಡಿ ಎರಡು ಲೈನಿನ ಮೇಲೆ ನಿಲ್ಲುವುದನ್ನು ನಾನು ಎಂದೂ ಕಂಡವನಲ್ಲ. ಲ್ಯಾಪ್‌ಟಾಪಿನಲ್ಲಿ ಒಂದೂ ಉಳಿದಿಲ್ಲ, ಲೈನು ಖಾಲಿಯಾಯಿತು ಎಂದು ನೋಡಿ ಗುರುತು ಹಾಕಿದೆ.

ಆಮೇಲೆ ಪೆನ್ ಡ್ರೈವಿನಿಂದ ಲ್ಯಾಪ್‌ಟಾಪ್ ಶುರು ಮಾಡಿ, ಡಿಸ್ಕ್ ಭಾಗ ಮಾಡುವ ತಂತ್ರಾಂಶ ತೆರೆದೆ. ಎರಡು ಸಾಲು ಕಂಡವು. ಡಿಸ್ಕ್ ಸೊನ್ನೆ, ಡಿಸ್ಕ್ ಒಂದು. ಎರಡರ ಅಳತೆಯೂ ಒಂದೇ. ಹೊರಗಿನ ಡಿಸ್ಕಿನ ತಂತಿಯನ್ನು ಬಿಚ್ಚಬೇಕೆಂಬುದು ಚೀಟಿಯಲ್ಲಿ ಇರಲಿಲ್ಲ, ಹಾಗಾಗಿ ಬಿಚ್ಚಿರಲಿಲ್ಲ. ಚೀಟಿಯಲ್ಲಿ ಇದ್ದದ್ದು “ಒಂದನೇ ಡಿಸ್ಕ್: ಅಕ್ಕನದು.” ನಾನು ಕೆಲಸ ಮಾಡಿದ ಸ್ಟೇಷನ್ನುಗಳಲ್ಲಿ ಕಟ್ಟಡಕ್ಕೆ ಹತ್ತಿರದ ಲೈನು ಒಂದನೆಯದು, ಅದರಾಚೆಯದು ಎರಡನೆಯದು. ಸೊನ್ನೆಯ ಲೈನು ಎಂಬುದಿಲ್ಲ. ಬೆರಳು ತಾನಾಗಿ ಡಿಸ್ಕ್ ಒಂದರ ಮೇಲೆ ಹೋಯಿತು. ಖಾತ್ರಿಯೇ ಎಂದು ತಂತ್ರಾಂಶ ಕೇಳಿತು. ಖಾತ್ರಿ ಎಂದು ಒತ್ತಿದೆ.

ಪರದೆ ಹೊಸದಾಗಿ ಬಂತು. ಡಿಸ್ಕ್ ಒಂದು ಖಾಲಿ. ಡಿಸ್ಕ್ ಸೊನ್ನೆಯಲ್ಲಿ ಅಕ್ಕನ ಹಳೆಯ ವಿಂಡೋಸ್ ಹಾಗೆಯೇ ಇತ್ತು.

ಮೊದಲು ಅರ್ಥವಾಗಲಿಲ್ಲ. ಹೊರಗಿನ ಡಿಸ್ಕಿನ ಮೇಲಿದ್ದ ನೀಲಿ ದೀಪ ಒಮ್ಮೆ ಮಿಣುಕಿತು, ಅಳಿಸಿದ್ದು ಅದನ್ನೇ ಎಂದು ಆಗ ಅರ್ಥವಾಯಿತು. ಅದೇ ಕ್ಷಣ ಹೊರಗಿನ ಡಿಸ್ಕಿನಲ್ಲಿ ಹೊಸ ಭಾಗ ಮಾಡಿ ನೋಡೋಣ, ಏನಾದರೂ ಕಾಣಬಹುದು ಎನ್ನಿಸಿ ಕೈ ಮೌಸಿನ ಕಡೆಗೆ ಹೋಯಿತು. ಹೋದ ಕೈಯನ್ನು ಹಿಂದಕ್ಕೆಳೆದುಕೊಂಡೆ. ಅಪಘಾತವಾದ ಜಾಗದಲ್ಲಿ ಸನ್ನೆಗಂಬವಾಗಲಿ, ಲಿವರ್ ಆಗಲಿ, ತನಿಖೆಯವರು ಬರುವ ತನಕ ಮುಟ್ಟಬಾರದು. ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಕಲಿಸಿದ್ದ ಪಾಠ. ಎಲ್ಲವನ್ನೂ ಬಂದ್ ಮಾಡಿ, ತಂತಿ ಕಿತ್ತು, ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿದೆ.

ಎರಡನೆಯ ಪಾಠ, ಕೂಡಲೇ ಸುದ್ದಿ ಮುಟ್ಟಿಸುವುದು. ಫೋನ್ ಮಾಡಿದೆ.

“ಅಕ್ಕ, ನಿನ್ನ ಕಡತ ಅಳಿಸಿ ಹೋದ್ವು. ನಾನ ಅಳಿಸೀನಿ.”

ಆ ಕಡೆ ಕುಕ್ಕರ್ ಒಂದು ಸೀಟಿ ಹಾಕಿತು. ಅವಳು ಗ್ಯಾಸ್ ಆರಿಸುವ ಸದ್ದು ಕೇಳಿಸಿತು.

“ಎಷ್ಟು?”

“ಎಲ್ಲಾ.”

“ಕುರುಬರ ಅಜ್ಜ ಹೋಗಿ ಎರಡು ವರ್ಷ ಆತು,” ಎಂದಳು. “ಅಂವನ್ನ ಮತ್ತ ಎಲ್ಲಿಂದ ಕೇಳ್ಕೊಂಡು ಬರ್ಲಿ?”

ಸೈನ್ಯದವರ ಬಡಾವಣೆಯಾದ ಕ್ಯಾಂಪಿನಲ್ಲಿ ಗೊತ್ತಿರುವ ರಿಪೇರಿಯವರ ಬಳಿಗೆ ಹೊರಟಿದ್ದೇನೆ ಎಂದೆ. “ನಾನೂ ಬರ್ತೀನಿ,” ಎಂದು ಫೋನ್ ಇಟ್ಟಳು.

ಅಂಗಡಿಯವನು ಸೈನ್ಯದ ಸಿಗ್ನಲ್ ವಿಭಾಗದಲ್ಲಿದ್ದು ನಿವೃತ್ತನಾದವನು. ಡಿಸ್ಕನ್ನು ಕೈಯಲ್ಲಿ ಹಿಡಿದು ಕೇಳಿದ.

“ಅಳಿಸಿದ ಮ್ಯಾಲ ಏನರ ಮಾಡೀರೇನ್ರಿ?”

“ಏನೂ ಮಾಡಿಲ್ಲ. ಮುಟ್ಟಿಲ್ಲ.”

“ಖರೇ ಹೇಳ್ರಿ. ಎಲ್ಲಾರೂ ಮನ್ಯಾಗ ತಾವ ಹತ್ತು ಸಲ ರಿಪೇರಿ ಮಾಡಿ, ಪೂರಾ ಹಾಳ ಮಾಡಿ ತರ್ತಾರ.”

“ಮುಟ್ಟಿಲ್ಲ.”

“ಹಂಗಿದ್ರ ಕುಂದರ್ರಿ. ಯಾವ ಭಾಗ ಎಲ್ಲೈತಿ ಅನ್ನೂ ನಕ್ಷಾ ಅಷ್ಟ ಹೋಗಿರ್ಬೇಕು. ಒಳಗಿಂದು ಇರಬಹುದು. ಮಾತ ಕೊಡಾಂಗಿಲ್ಲ.”

ಅವನು ಹುಡುಕುವ ತಂತ್ರಾಂಶ ಹಚ್ಚಿದ. ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ ಇರುವೆಯಂತೆ ಹೊರಟಿತು. ಒಂದು ಗಂಟೆಗೆ ನಾನು ಊಟ ಮಾಡುವವನು. ಅಂದು ಒಂದೂವರೆ ಆದರೂ ಅಲ್ಲೇ ಸ್ಟೂಲಿನ ಮೇಲೆ ಕುಳಿತಿದ್ದೆ. ಅಕ್ಕ ಬಸ್ಸಿಳಿದು, ರಿಕ್ಷಾ ಹಿಡಿದು ಬಂದಳು. ನನ್ನ ಮುಖ ನೋಡಲಿಲ್ಲ. ಬಾಜುವಿನ ಕುರ್ಚಿಯಲ್ಲಿ ಕುಳಿತು ಹಸಿರು ಪಟ್ಟಿಯನ್ನೇ ನೋಡಿದಳು. ಪಟ್ಟಿ ಅರ್ಧ ದಾಟಿದರೂ ಪರದೆಯ ಮೇಲೆ ಒಂದು ಹೆಸರೂ ಬರಲಿಲ್ಲ.

“ತಪ್ಪು ಲೈನಿಗೆ ಎಷ್ಟು ಗಾಡಿ ಬಿಟ್ಟಿದ್ದಿ ಆವಾಗ?” ಎಂದಳು, ಪರದೆಯಿಂದ ಕಣ್ಣು ತೆಗೆಯದೆ.

“ಒಂದೂ ಇಲ್ಲ.”

“ಮತ್ತ ನನ್ನ ಗಾಡೀನ ಸಿಕ್ತೇನು ನಿನಗ?”

ಅಂಗಡಿಯವನು ಕೆಮ್ಮಿ, ಚಹಾ ತರಿಸಲೇ ಎಂದು ಕೇಳಿದ. ಇಬ್ಬರೂ ಬೇಡವೆಂದೆವು.

ಮೂರು ಗಂಟೆ ದಾಟಿದ ಮೇಲೆ ಪಟ್ಟಿಯ ಕೆಳಗೆ ಒಂದು ಸಾಲು ಮೂಡಿತು. ಕಳೆದ ಭಾಗ ಸಿಕ್ಕಿತ್ತು. ಅಂಗಡಿಯವನು ಅದನ್ನು ತೆರೆದ. ಹಳ್ಳಿಗೊಂದರಂತೆ ಅಕ್ಕ ಮಾಡಿದ್ದ ಕಡತಕೋಶಗಳು ಸಾಲಾಗಿ ಬಂದವು. ಆದರೂ ಅವಳ ಮುಖ ಸಡಿಲವಾಗಲಿಲ್ಲ.

“ಹೆಸರು ಕಂಡ್ರ ಆಗಂಗಿಲ್ರಿ. ದನಿ ಹಚ್ರಿ. ಆ ನಾಕನೇದು.”

ಅವನು ಹಚ್ಚಿದ. ಮೊದಲು ಕುರಿಗಳ ಗದ್ದಲ, ನಂತರ ಗಂಟಲು ಸರಿಪಡಿಸಿಕೊಂಡ ಸದ್ದು. “ಇದರ ಹೆಸರು ಸೊಸಿಹಕ್ಕಲ ಅಂತ್ರಿ, ಅಕ್ಕೋರ. ಯಾಕಂದ್ರ...” ಎಂದಿತು ಅಜ್ಜನ ದನಿ. ಅಕ್ಕ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಅಜ್ಜ ಹೇಳುವುದನ್ನೆಲ್ಲ ಕೊನೆಯ ತನಕ ಕೇಳಿದೆವು. ಆಮೇಲೆ ಅವಳು, “ಈಗ ಚಹಾ ತರಸ್ರಿ,” ಎಂದಳು.

ಅಂಗಡಿಯವನು ಎಲ್ಲವನ್ನೂ ಇನ್ನೆರಡು ಡಿಸ್ಕುಗಳಿಗೆ ನಕಲು ಮಾಡಿಕೊಟ್ಟ. ಎರಡನ್ನೂ ಅಕ್ಕನೇ ಚೀಲಕ್ಕೆ ಹಾಕಿಕೊಂಡಳು. ಲ್ಯಾಪ್‌ಟಾಪಿನ ಕೆಲಸವನ್ನು ಅವನಿಗೇ ಒಪ್ಪಿಸೋಣ ಎಂದೆ ನಾನು.

“ಯಾಕ? ನೀನ ಶುರು ಮಾಡೀದಿ, ನೀನ ಮುಗಸು. ಆದ್ರ ಒತ್ತೂ ಮೊದಲ ನನ್ನ ಕೇಳು.”

ಎರಡು ದಿನ ಬಿಟ್ಟು, ಬೆಳಗ್ಗೆ ಹತ್ತಕ್ಕೆ ಮತ್ತೆ ಕುಳಿತೆ. ಹೊಸ ಚೀಟಿಯಲ್ಲಿ ಹದಿನಾರು ಹೆಜ್ಜೆಗಳಿದ್ದವು. ಖಾನಾಪುರಕ್ಕೆ ಫೋನ್ ಹಚ್ಚಿ ಮೇಜಿನ ಮೇಲಿಟ್ಟೆ. ಮುಂದಿನ ಸ್ಟೇಷನ್ನಿನ ಒಪ್ಪಿಗೆಯಿಲ್ಲದೆ ಗಾಡಿ ಬಿಡದವನು ನಾನು. ಅಂದು ಯಾಕೆ ಕೇಳದೆ ಬಿಟ್ಟೆನೋ.

“ಡಿಸ್ಕ್ ಸೊನ್ನೆ. ಬ್ಯಾರೆ ಯಾವ ಡಿಸ್ಕೂ ಕಾಣವಲ್ದು,” ಎಂದು ಓದಿದೆ.

“ಡಿಸ್ಕ್ ಸೊನ್ನೆ. ಬ್ಯಾರೆ ಯಾವುದೂ ಇಲ್ಲ,” ಎಂದು ಅವಳು ತಿರುಗಿ ಹೇಳಿದಳು. “ನನ್ನವು ಎಲ್ಲಿ ಅದಾವ?”

“ನಿನ್ನ ಕಡೆ.”

“ಹೌದು. ಎರಡೂ ನನ್ನ ತೊಡಿ ಮ್ಯಾಲ ಅದಾವ. ಈಗ ಒತ್ತು.”