ಎಡಗಾಲು ಮೊದಲು

ಮಧುಗಿರಿಯಲ್ಲಿ ಬೆಟ್ಟದ ಬುಡಕ್ಕೆ ಅಂಟಿಕೊಂಡ ಆ ಬೀದಿಯಲ್ಲಿ ಯಾರ ಮನೆಗೆ ಹೊಸ ಸೊಸೆ ಬಂದರೂ ಮೊದಲು ಸಿದ್ದಗಂಗಮ್ಮನಿಗೆ ಹೇಳಿ ಕಳಿಸುತ್ತಿದ್ದರು. ಅವರು ಯಾವ ಜನ, ಇವರು ಯಾವ ಜನ ಎಂಬ ಮಾತು ಅಲ್ಲಿ ಬರುತ್ತಿರಲಿಲ್ಲ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು, ಅದರ ಮೇಲೊಂದು ಅಚ್ಚು ಬೆಲ್ಲ, ಒಳಗಡೆ ಆರತಿ ತಟ್ಟೆ ಹಿಡಿದು ನಿಂತ ಸಿದ್ದಗಂಗಮ್ಮ. ಹೆಣ್ಣು ಗಾಬರಿಯಲ್ಲಿ ಯಾವ ಕಾಲು ಎತ್ತುವುದೆಂದು ತಿಳಿಯದೆ ನಿಂತಾಗ ಅವಳು ಬಗ್ಗಿ, ಬೇರೆಯವರಿಗೆ ಕೇಳದ ಹಾಗೆ, "ಬಲಗಾಲು ಕಣಮ್ಮ" ಅನ್ನುತ್ತಿದ್ದಳು. ನಲವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳು ಆ ಮಾತು ಕೇಳಿಕೊಂಡು ಆ ಬೀದಿಯ ಮನೆಗಳ ಒಳಗೆ ಹೋಗಿದ್ದರು.

ಕೊನೆಗೆ ಅವಳಿಗೆ ಕೈಕೊಟ್ಟಿದ್ದು ಆ ಬಲಗಾಲೇ. ಹುಣಸೆ ಸುಗ್ಗಿ ಬಂತೆಂದರೆ ಒಂದು ಕಾಲು ಮಡಿಸಿ ಒಂದು ಕಾಲು ಚಾಚಿ ನೆಲದ ಮೇಲೆ ಕೂತು, ಕಾಯಿ ಕುಟ್ಟಿ ಬೀಜ ತೆಗೆಯುವ ಕೆಲಸವನ್ನು ಅವಳು ಮದುವೆಯಾಗಿ ಬಂದಂದಿನಿಂದ ಮಾಡಿದವಳು. ಅರವತ್ತು ದಾಟುವ ಹೊತ್ತಿಗೆ ಬಲ ಸೊಂಟದ ಕೀಲು ಸವೆದು ಹೋಯಿತು. ಎಣ್ಣೆ ತಿಕ್ಕಿದಳು, ನಾಟಿ ಔಷಧಿಯವರ ಹತ್ತಿರ ಪಟ್ಟು ಹಾಕಿಸಿಕೊಂಡಳು, ಐದು ವರ್ಷ ಗೋಡೆ ಹಿಡಿದು ಓಡಾಡಿದಳು. ಕಡೆಗೆ ದೀಪಾವಳಿ ಕಳೆದ ವಾರ ಮಗ ರೇಣುಕಪ್ರಸಾದ್ ತುಮಕೂರಿಗೆ ಕರೆದುಕೊಂಡು ಹೋಗಿ ಕೀಲು ಬದಲು ಮಾಡಿಸಿಕೊಂಡು ಬಂದ.

ಮನೆಯ ಮುಂದೆ ಮೂರು ಕಲ್ಲು ಮೆಟ್ಟಿಲು, ಮೇಲೆ ಎತ್ತರದ ಹೊಸ್ತಿಲು. ಆಸ್ಪತ್ರೆಯಿಂದ ಬಂದ ದಿನ ಅವಳನ್ನು ಪ್ಲಾಸ್ಟಿಕ್ ಕುರ್ಚಿಯ ಸಮೇತ ಎತ್ತಿ ಒಳಗೆ ಇಳಿಸಿದರು. ಅದನ್ನು ನೋಡಲು ಬಂದ ಎದುರು ಮನೆಯ ರಂಗಯ್ಯನ ಮುಖ ಸಣ್ಣದಾಯಿತು. ಅವನ ಮಗ ಚೇತನ್ ಕುಮಾರನಿಗೆ ಹೆಣ್ಣು ಗೊತ್ತಾಗಿತ್ತು. ಶಿವರಾತ್ರಿ ಆದ ಮೇಲೆ ಮದುವೆ.

"ನಮ್ಮನೆ ಹೆಣ್ಣು ಕರ್ಕಳಕ್ಕೆ ನೀನೇ ಬರ್ಬೇಕು ಅಂತ ಇದ್ದೆ, ಸಿದ್ದಗಂಗಕ್ಕ" ಅಂದ.

"ಬತ್ತೀನಿ. ಕುರ್ಚಿ ಮೇಲಲ್ಲ, ನಡ್ಕಂಡು ಬತ್ತೀನಿ" ಅಂದಳು ಸಿದ್ದಗಂಗಮ್ಮ.

ಆ ಮಾತನ್ನು ಅವಳು ಬಾಯಿ ಮಾತಿಗೆ ಆಡಿದ್ದಲ್ಲ. ರಂಗಯ್ಯ ಹೋದ ಮೇಲೆ ಕಿಟಕಿಯಿಂದ ಎದುರು ಮನೆ ನೋಡಿದಳು. ನಡುವೆ ಇದ್ದದ್ದು ಇಪ್ಪತ್ತು ಹೆಜ್ಜೆ ಬೀದಿ, ಆಚೆ ನಾಲ್ಕು ಮೆಟ್ಟಿಲು. ಅಷ್ಟು ದೂರ ಹೋಗಲಾಗದಿದ್ದರೆ ತಾನು ಇನ್ನು ಮನೆಯೊಳಗಿನ ಸಾಮಾನೇ ಎಂದು ಅವಳಿಗೆ ಅನ್ನಿಸಿತು.

ವಾರಕ್ಕೆ ಮೂರು ದಿನ ರಕ್ಷಾ ಎಂಬ ಹುಡುಗಿ ಸ್ಕೂಟರಿನಲ್ಲಿ ಬಂದು ವ್ಯಾಯಾಮ ಮಾಡಿಸುತ್ತಿದ್ದಳು. ಫಿಸಿಯೋಥೆರಪಿ ಓದಿದವಳು, ಮಾತು ಮೆತ್ತಗೆ, ಕೆಲಸ ಗಟ್ಟಿ. ಮಂಡಿಯ ಕೆಳಗೆ ಟವೆಲು ಸುತ್ತಿಟ್ಟು ಅದನ್ನು ಅದುಮಿ ಐದು ಎಣಿಸಬೇಕು. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಮಂಡಿ ಮಡಿಸಬೇಕು, ಅದೂ ಸ್ವಲ್ಪವೇ. ಸ್ವಲ್ಪ ದಿನ ಕಳೆದ ಮೇಲೆ ಅಡುಗೆಮನೆಯ ಕಟ್ಟೆ ಹಿಡಿದು ನಿಂತು ಕಾಲನ್ನು ಪಕ್ಕಕ್ಕೆ ಎತ್ತಿ ಇಳಿಸಬೇಕು. ಕಾಲ ಮೇಲೆ ಕಾಲು ಹಾಕುವಂತಿಲ್ಲ, ನೆಲದ ಮೇಲೆ ಕೂರುವಂತಿಲ್ಲ, ಬಗ್ಗಿ ಏನನ್ನೂ ಎತ್ತುವಂತಿಲ್ಲ.

"ಕೀಲೇನೋ ಹೊಸದು ಅಜ್ಜಿ, ಆದ್ರೆ ಸುತ್ತ ಇರೋ ಮಾಂಸಖಂಡ ಹಳೇದೇ" ಅನ್ನುತ್ತಿದ್ದಳು ರಕ್ಷಾ. "ಐದು ವರ್ಷ ಅದಕ್ಕೆ ಕೆಲಸ ಕೊಟ್ಟಿಲ್ಲ ನೀವು. ಮಲಗ್ಬಿಟ್ಟಿದೆ. ಎಬ್ಬಿಸ್ಬೇಕು."

ರಕ್ಷಾ ಬಾರದ ದಿನಗಳಲ್ಲಿ ಮಾಡಿಸುತ್ತಿದ್ದವಳು ಸೊಸೆ ಲೋಹಿತಾ. ಪಾವಗಡದ ಕಡೆಯವಳು, ರಾಯಚರ್ಲು ಊರಿನ ಹೆಣ್ಣು. ಅಲ್ಲಿಯ ತೆಲುಗಿನ ವಾಡಿಕೆಯಂತೆ ಅತ್ತೆಯನ್ನು ಅತ್ತಮ್ಮ ಎಂದು ಕರೆಯುತ್ತಿದ್ದಳು. ಹೆಚ್ಚು ಮಾತಿಲ್ಲ. ಎಣಿಕೆ ಮಾತ್ರ ತೆಲುಗಿನಲ್ಲಿ ಮಾಡುತ್ತಿದ್ದಳು, ಒಕಟಿ, ರೆಂಡು, ಮೂಡು. ಸಿದ್ದಗಂಗಮ್ಮ ಹತ್ತಕ್ಕೆ ನಿಲ್ಲಿಸಿದರೆ ಹನ್ನೆರಡರವರೆಗೆ ಎಳೆಯುತ್ತಿದ್ದಳು.

ಒಂದು ತಿಂಗಳಾಗುವ ಹೊತ್ತಿಗೆ ವಾಕರ್ ಹೋಗಿ ಕೋಲು ಬಂತು. ಕೋಲನ್ನು ಎಡಗೈಯಲ್ಲಿ ಹಿಡಿಯಬೇಕು ಎಂದಳು ರಕ್ಷಾ. ನೋವಿದ್ದದ್ದು ಬಲಗಡೆ, ಕೋಲು ಯಾಕೆ ಎಡಗೈಗೆ ಎಂದು ಸಿದ್ದಗಂಗಮ್ಮ ಕೇಳಿದಳು. ಬಲಗಾಲು ಊರಿದಾಗ ಭಾರ ಹಂಚಿಕೊಳ್ಳಲು ಎದುರು ಕಡೆ ಆಸರೆ ಬೇಕು, ಇಲ್ಲದಿದ್ದರೆ ಮೈ ವಾಲುತ್ತದೆ ಎಂದು ರಕ್ಷಾ ನಡೆದು ತೋರಿಸಿದಳು. ಅದು ಅರ್ಥವಾಯಿತು. ಮರುದಿನ ಮೆಟ್ಟಿಲ ಪಾಠ.

"ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಅಂದ್ರೆ ಮನೆ ಒಳಗೆ ಬರುವಾಗ ಎಡಗಾಲು. ಮರೀಬೇಡಿ ಅಜ್ಜಿ."

ಸಿದ್ದಗಂಗಮ್ಮ ಉತ್ತರ ಕೊಡಲಿಲ್ಲ. ಅವಳ ತೋಳು ಹಿಡಿದು ನಿಂತಿದ್ದ ಲೋಹಿತಾಳೂ ತಲೆ ಎತ್ತಲಿಲ್ಲ.

ಈ ಮೌನಕ್ಕೆ ಇಪ್ಪತ್ತೊಂದು ವರ್ಷ ವಯಸ್ಸಾಗಿತ್ತು. ಲೋಹಿತಾಳ ಮದುವೆ ಅವಳ ಊರಿನಲ್ಲೇ ಆಗಿ, ಹೆಣ್ಣಿನ ದಿಬ್ಬಣ ಟೆಂಪೋದಲ್ಲಿ ಮಧುಗಿರಿಗೆ ಬಂದಿತ್ತು. ಊರಿಗೆಲ್ಲ ಹೆಣ್ಣು ಕರೆಯುವ ಸಿದ್ದಗಂಗಮ್ಮ ಅಂದು ತನ್ನ ಮನೆಯ ಹೊಸ್ತಿಲಲ್ಲೇ ನಿಂತಿದ್ದಳು. "ಬಲಗಾಲು ಕಣಮ್ಮ" ಎಂದೂ ಅಂದಳು. ಲೋಹಿತಾ ಒಂದು ಗಳಿಗೆ ಅವಳ ಮುಖ ನೋಡಿ, ಎಡಗಾಲು ಎತ್ತಿ ಸೇರು ಒದ್ದಳು. ಅದೇ ಕಾಲನ್ನು ಹೊಸ್ತಿಲೊಳಗೆ ಇಟ್ಟಳು. ನೆರೆದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಎಂಟು ತಿಂಗಳಿಗೆ ಸಿದ್ದಗಂಗಮ್ಮನ ತಮ್ಮ ಪ್ರಭುದೇವ್ ಎದೆನೋವೆಂದು ಕೂತವನು ಏಳಲಿಲ್ಲ. ತಾಯಿ ಇಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಹನ್ನೊಂದನೆಯ ದಿನ ಶಿವಗಣಾರಾಧನೆಯ ಅಡುಗೆ ನಡೆಯುವಾಗ ಯಾರೋ ಸಮಾಧಾನ ಹೇಳಿದರು. ಸಿದ್ದಗಂಗಮ್ಮ, "ಎಡಗಾಲಿಟ್ಟು ಬಂದೋಳ ಕಾಲ್ಗುಣ, ಇನ್ನೇನಾಯ್ತದೆ" ಅಂದುಬಿಟ್ಟಳು. ಒಲೆಯ ಮುಂದೆ ಲೋಹಿತಾ ಇದ್ದಳು. ಆಮೇಲೆ ಎಂದೂ ಸಿದ್ದಗಂಗಮ್ಮ ಆ ಮಾತು ಎತ್ತಲಿಲ್ಲ. ಸೊಸೆಯನ್ನು ಬಯ್ಯಲೂ ಇಲ್ಲ, ಉಣ್ಣುವುದಕ್ಕೆ ಉಡುವುದಕ್ಕೆ ಕಡಿಮೆ ಮಾಡಲೂ ಇಲ್ಲ. ಆದರೆ ಆಡಿದ ಮಾತು ಮನೆಯಲ್ಲೇ ಉಳಿಯಿತು. ಆ ಹೊತ್ತಿನಿಂದ ಲೋಹಿತಾ ಹೊಸ್ತಿಲು ದಾಟುವಾಗಲೆಲ್ಲ ಒಂದು ಚೂರು ನಿಂತು, ಕಾಲು ನೋಡಿಕೊಂಡು ದಾಟುವುದು ರೂಢಿಯಾಯಿತು.

ಈಗ ಅದೇ ಹೊಸ್ತಿಲನ್ನು ತಾನು ಎಡಗಾಲಿಟ್ಟು ದಾಟಬೇಕು, ಅದೂ ಆ ಸೊಸೆಯ ಕೈ ಹಿಡಿದು. ಸಿದ್ದಗಂಗಮ್ಮನಿಗೆ ಆಗಲಿಲ್ಲ. ರಕ್ಷಾ ನೋಡುವಾಗ ಹೇಳಿದ ಹಾಗೆ ಮಾಡಿದಳು. ರಕ್ಷಾಳ ಸ್ಕೂಟರು ಬೀದಿ ತಿರುಗಿದ ಮೇಲೆ ಬಲಗಾಲನ್ನೇ ಎತ್ತಿ ಇಟ್ಟಳು. ಬಲವಿಲ್ಲದ ಕಾಲು, ಅದರ ಮೇಲೆ ಮೈ ಪೂರ ಎತ್ತಬೇಕು. ತೊಡೆ ನಡುಗುತ್ತಿತ್ತು, ಸೊಂಟದ ಪಕ್ಕ ಕಿತ್ತು ಬರುತ್ತಿತ್ತು. ಲೋಹಿತಾ ನೋಡುತ್ತಿದ್ದಳು, ಏನೂ ಹೇಳುತ್ತಿರಲಿಲ್ಲ.

ಸಂಕ್ರಾಂತಿಗೆ ಇನ್ನು ನಾಲ್ಕು ದಿನ ಇದ್ದಾಗ ಮೂರನೆಯ ಮೆಟ್ಟಿಲಲ್ಲಿ ಆ ಕಾಲು ಮಡಚಿಕೊಂಡಿತು. ಲೋಹಿತಾ ಹಿಂದಿನಿಂದ ಎರಡೂ ಕೈಯಲ್ಲಿ ಅವುಚಿಕೊಂಡಳು. ಇಬ್ಬರೂ ಜಗಲಿಯ ಕಂಬಕ್ಕೆ ಒರಗಿ ಬಿದ್ದರು. ತುಮಕೂರಿಗೆ ಹೋಗಿ ಎಕ್ಸ್‌ರೇ ತೆಗೆಸಿದ್ದಾಯಿತು. ಕೀಲಿಗೆ ಏನೂ ಆಗಿರಲಿಲ್ಲ, ಮಾಂಸಖಂಡ ಎಳೆದುಕೊಂಡಿತ್ತು. ಹದಿನೈದು ದಿನ ಮೆಟ್ಟಿಲು ಮುಟ್ಟಬಾರದು ಎಂದು ಡಾಕ್ಟರು ಹೇಳಿ ಕಳಿಸಿದರು. ಮದುವೆಗೆ ಉಳಿದದ್ದು ಆರೇ ವಾರ. ಅದರಲ್ಲಿ ಎರಡು ಹೀಗೆ ಹೋದವು.

ರಕ್ಷಾ ಬಂದು ಕಾಲು ನೋಡಿ, ಯಾವ ಕಾಲು ಮೊದಲು ಇಟ್ಟಿರಿ ಎಂದು ಕೇಳಿದಳು. ಸಿದ್ದಗಂಗಮ್ಮ ಗೋಡೆಯ ಕಡೆ ತಿರುಗಿದಳು.

"ನನ್ನದೇ ತಪ್ಪು ಮೇಡಂ. ನಾನೇ ಬಲಗಾಲು ಅಂದ್ಬಿಟ್ಟೆ" ಅಂದಳು ಲೋಹಿತಾ.

ರಕ್ಷಾಗೆ ಸಿಟ್ಟು ಬಂತು. ನೋಡಿಕೊಳ್ಳುವವರೇ ಹೀಗೆ ಮಾಡಿದರೆ ವಯಸ್ಸಾದವರು ಏನು ಮಾಡಬೇಕು ಎಂದು ಚೆನ್ನಾಗಿಯೇ ಅಂದು ಹೋದಳು. ಲೋಹಿತಾ ಅಷ್ಟನ್ನೂ ತಲೆ ತಗ್ಗಿಸಿ ಕೇಳಿಸಿಕೊಂಡಳು.

ಮಧ್ಯಾಹ್ನ ಅವಳು ತಟ್ಟೆ ತಂದಿಟ್ಟಾಗ ಸಿದ್ದಗಂಗಮ್ಮ ಊಟ ಮುಟ್ಟಲಿಲ್ಲ.

"ಬಲಗಾಲಿಟ್ಟೋಳು ನಾನು. ನೀನ್ಯಾಕಮ್ಮ ತಲೆ ಮೇಲೆ ಹಾಕ್ಕಂಡೆ?"

"ನೀವು ಇಟ್ರಿ ಅಂದಿದ್ರೆ, ಯಾಕೆ ಅಂತ ಕೇಳೋರು ಅತ್ತಮ್ಮ. ನೀವೇನಂತ ಹೇಳ್ತಿದ್ರಿ?"

ಸಿದ್ದಗಂಗಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಊರಿನ ಕಷ್ಟಸುಖ ಎಲ್ಲರೂ ಅವಳ ಮುಂದೆ ತಂದು ಸುರಿಯುತ್ತಿದ್ದರು. ಯಾರ ಮಾತನ್ನೂ ಅರ್ಧಕ್ಕೆ ತಡೆದವಳಲ್ಲ. ಆದರೂ ಇಪ್ಪತ್ತೊಂದು ವರ್ಷದಲ್ಲಿ ಒಂದು ಮಾತನ್ನು ಅವಳು ಕೇಳಿರಲಿಲ್ಲ. ಈಗ ಕೇಳಿದಳು.

"ನಾನು ಬಲಗಾಲು ಅಂತ ಹೇಳಿದ್ನಲ್ಲ ಅವತ್ತು. ನೀನ್ಯಾಕೆ ಎಡಗಾಲಿಟ್ಟೆ?"

ಲೋಹಿತಾ ಬೇರೆ ಯಾರದೋ ಸಂಗತಿ ಹೇಳುವವಳಂತೆ ಹೇಳಿದಳು. ಊರಿನಲ್ಲಿ ಟೆಂಪೋಗೆ ಸಾಮಾನು ಏರಿಸುವಾಗ ಪಾತ್ರೆಯ ಟ್ರಂಕು ಜಾರಿ ಅವಳ ಬಲಗಾಲಿನ ಹೆಬ್ಬೆರಳ ಮೇಲೆ ಬಿದ್ದಿತ್ತು. ಉಗುರು ಬುಡದಿಂದ ಎದ್ದುಹೋಗಿತ್ತು. ಮದುಮಗಳು ಹೊರಟ ಹೊತ್ತಿನಲ್ಲಿ ರಕ್ತ ಎಂದರೆ ಜನ ಏನೆಂದುಕೊಂಡಾರೋ ಎಂದು ತಾಯಿ ಅರಿಶಿನ ಮೆತ್ತಿ, ಯಾರಿಗೂ ಬಾಯಿ ಬಿಡಬೇಡ ಎಂದು ಕಳಿಸಿದ್ದಳು. ಪಾವಗಡದಿಂದ ಇಲ್ಲಿಯವರೆಗೆ ಸೀರೆ ನೆರಿಗೆ ಕಾಲ ಮೇಲೆ ಎಳೆದುಕೊಂಡು ಕೂತು ಬಂದಿದ್ದಳು.

"ಆ ಬೆರಳಲ್ಲಿ ಸೇರು ಒದ್ದರೆ ಅಲ್ಲೇ ಬಿದ್ದೋಗ್ತೀನಿ ಅನ್ನಿಸ್ತು. ಹೊಸ್ತಿಲಲ್ಲೇ ಮದುಮಗಳು ಬಿದ್ಲು ಅಂದ್ರೆ ಇನ್ನೂ ಕೆಟ್ಟದಲ್ವಾ? ಅದಕ್ಕೆ ನೋವಿಲ್ಲದ ಕಾಲು ಇಟ್ಟೆ."

"ಇಷ್ಟು ವರ್ಸ ಹೇಳ್ಲಿಲ್ಲವಲ್ಲೇ."

"ನೀವು ಕೇಳ್ಲಿಲ್ಲ ಅತ್ತಮ್ಮ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ತಟ್ಟೆಯನ್ನು ಹತ್ತಿರ ಸರಿಸಿ, ಸಾರು ಆರುತ್ತಿದೆ ಎಂದು ಹೇಳಿ ಒಳಗೆ ಹೋದಳು. ಹೋಗುವಾಗ ಸಿದ್ದಗಂಗಮ್ಮ ಅವಳ ಪಾದ ನೋಡಿದಳು. ಬಲ ಹೆಬ್ಬೆರಳಿನ ಉಗುರು ದಪ್ಪಗೆ, ಅಡ್ಡಡ್ಡ ಗೆರೆ ಬಿದ್ದು ಸೊಟ್ಟ ಬೆಳೆದಿತ್ತು. ಆ ಉಗುರನ್ನು ಅವಳು ಎಷ್ಟೋ ಸಲ ಕಂಡಿದ್ದಳು. ಹುಟ್ಟಿನಿಂದಲೇ ಹಾಗಿರಬೇಕು ಎಂದುಕೊಂಡಿದ್ದಳು.

ಮಾರನೆಯ ಬೆಳಿಗ್ಗೆ ಸ್ನಾನ ಮುಗಿಸಿ ಅವಳು ಲಿಂಗಪೂಜೆಗೆ ಕೂತಳು. ಆಪರೇಷನ್ ಆದಾಗಿನಿಂದ ಮಣೆಯ ಮೇಲೆ ಕೂರುವಂತಿರಲಿಲ್ಲ, ಕುರ್ಚಿಯೇ ಗತಿ. ಪಕ್ಕದಲ್ಲಿ ಗಂಡ ರೇಣುಕಯ್ಯ ನೆಲದ ಮೇಲೆ ಕೂತು ತನ್ನ ಪೂಜೆ ಮಾಡಿಕೊಳ್ಳುತ್ತಿದ್ದ. ಅವಳು ಕೊರಳಿನ ಕರಡಿಗೆ ಬಿಚ್ಚಿ ಲಿಂಗ ತೆಗೆದು ಅಂಗೈ ಮೇಲೆ ಇಟ್ಟುಕೊಂಡಳು. ನೀರು ಹಾಕಿದಳು, ವಿಭೂತಿ ಹಚ್ಚಿದಳು. ಹೂವು ಏರಿಸುವಾಗ ಅವಳ ಕಣ್ಣು ಅಂಗೈಯಲ್ಲೇ ನಿಂತಿತು. ಅದು ಎಡಗೈ. ಬುದ್ಧಿ ಬಂದಾಗಿನಿಂದ ದಿನವೂ ಶಿವನನ್ನು ಕೂರಿಸಿಕೊಂಡದ್ದು ಎಡಗೈ ಮೇಲೆ. ಅದು ಎಡ ಎಂದು ಒಂದು ದಿನವೂ ಅವಳಿಗೆ ಅನ್ನಿಸಿರಲಿಲ್ಲ.

ಅಂದು ಪೂಜೆ ಮುಗಿಯುವುದು ತಡವಾಯಿತು. ರೇಣುಕಯ್ಯ ಎದ್ದು ಹೋಗಿ ಕಾಫಿ ಕುಡಿದು ಬಂದರೂ ಅವಳು ಕೈ ಹಾಗೇ ಹಿಡಿದು ಕೂತಿದ್ದಳು.

ಹದಿನೈದು ದಿನ ಕಳೆದ ಮೇಲೆ ಸಿದ್ದಗಂಗಮ್ಮ ತಾನೇ ಲೋಹಿತಾಳನ್ನು ಕರೆದು, ಮೆಟ್ಟಿಲಿಗೆ ಹೋಗೋಣ ಬಾ ಎಂದಳು. ಬಲಗಾಲು ಮೊದಲಿಟ್ಟು ಬೀದಿಗೆ ಇಳಿದರು. ತಿರುಗಿ ಹತ್ತುವಾಗ ಸಿದ್ದಗಂಗಮ್ಮ ಮೊದಲ ಮೆಟ್ಟಿಲ ಮುಂದೆ ನಿಂತಳು.

"ಹೇಳಮ್ಮ, ಯಾವ ಕಾಲು?"

"ಎಡಗಾಲು ಅತ್ತಮ್ಮ."

ಅವಳು ಎಡಗಾಲು ಇಟ್ಟಳು. ಮೈ ಸಲೀಸಾಗಿ ಮೇಲೆ ಬಂತು, ಬಲಗಾಲು ಹಿಂದೆಯೇ ಬಂದು ಸೇರಿಕೊಂಡಿತು. ಮೂರು ಮೆಟ್ಟಿಲು, ಹೊಸ್ತಿಲು. ಇಬ್ಬರೂ ಒಳಗೆ ಬಂದು ನಿಂತರು.

ಅಲ್ಲಿಂದ ದಿನಕ್ಕೆ ನಾಲ್ಕು ಸಲ ಹತ್ತಿ ಇಳಿದಳು. ಗೋಡೆಗೆ ಕೈ ಕೊಟ್ಟು ಪಕ್ಕಕ್ಕೆ ಕಾಲೆತ್ತುವುದು ಹತ್ತರಿಂದ ಇಪ್ಪತ್ತಕ್ಕೆ ಏರಿತು. ಹುಣಸೆ ಮೂಟೆ ಬಂದಾಗ ನೆಲಕ್ಕೆ ಕೂರದೆ, ಮೇಜಿನ ಮುಂದೆ ಕುರ್ಚಿ ಹಾಕಿಕೊಂಡು ಬೀಜ ತೆಗೆದಳು. ಅರ್ಧ ಗಂಟೆಗೊಮ್ಮೆ ಎದ್ದು ಬೀದಿಯ ಕೊನೆಯವರೆಗೆ ನಡೆದು ಬರುತ್ತಿದ್ದಳು. ವಾಲಾಟ ದಿನೇ ದಿನೇ ತಗ್ಗಿತು. ತೊಡೆ ಕೈಗೆ ಗಟ್ಟಿಯಾಗಿ ಸಿಗತೊಡಗಿತು. ಒಂದು ದಿನ ಒಲೆಯ ಹತ್ತಿರ ಹೋಗಿ ನಿಂತ ಮೇಲೆ ಕೋಲು ಹಾಸಿಗೆಯ ಪಕ್ಕದಲ್ಲೇ ಉಳಿದದ್ದು ನೆನಪಾಯಿತು.

ಮದುವೆಯ ಮಧ್ಯಾಹ್ನ ರಂಗಯ್ಯ ಕುರ್ಚಿ ಹಿಡಿದುಕೊಂಡು ಬಾಗಿಲಿಗೆ ಬಂದ. ಸಿದ್ದಗಂಗಮ್ಮ ಆ ಕುರ್ಚಿಯ ಮೇಲೆ ಅವನ ಟವೆಲು ಹಾಕಿ, ನೀನೇ ಕೂತ್ಕ ಅಂದಳು. ಎಡಗೈಯಲ್ಲಿ ಕೋಲು, ಪಕ್ಕದಲ್ಲಿ ಆರತಿ ತಟ್ಟೆ ಹಿಡಿದ ಲೋಹಿತಾ. ಬೀದಿ ದಾಟಿದಳು. ಎದುರು ಮನೆಯ ನಾಲ್ಕು ಮೆಟ್ಟಿಲ ಬಳಿ ಹೆಂಗಸರೆಲ್ಲ ನೋಡುತ್ತಿದ್ದರು. ಅವಳು ಎಡಗಾಲು ಮೊದಲಿಟ್ಟು ಹತ್ತಿದಳು, ಒಂದೊಂದೇ ಮೆಟ್ಟಿಲು. ಹೊಸ್ತಿಲನ್ನೂ ಎಡಗಾಲಿಟ್ಟೇ ದಾಟಿದಳು.

ಕಂಬಕ್ಕೆ ಒರಗಿ ಕೂತಿದ್ದ ರಂಗಯ್ಯನ ತಾಯಿ ಓಬಳಮ್ಮನಿಗೆ ಸುಮ್ಮನಿರಲಾಗಲಿಲ್ಲ.

"ಏನಮ್ಮ ಸಿದ್ದಗಂಗಿ, ಊರಿಗೆಲ್ಲಾ ಬಲಗಾಲು ಹೇಳ್ಕೊಟ್ಟೋಳು, ನಮ್ಮನೆಗೆ ಎಡಗಾಲಿಟ್ಯಲ್ಲ."

"ನೋಯ್ತಿರೋ ಕಾಲು ಮೊದ್ಲಿಟ್ರೆ ಬಿದ್ದೋಗ್ತೀವಿ ಓಬಳಕ್ಕ" ಅಂದಳು ಸಿದ್ದಗಂಗಮ್ಮ, ಎಲ್ಲರಿಗೂ ಕೇಳುವ ಹಾಗೆ. "ನಮ್ಮ ಲೋಹಿತಾಗೆ ಇದು ಬಂದ ದಿನಾನೇ ಗೊತ್ತಿತ್ತು. ಅವತ್ತು ಅವಳ ಕಾಲ್ಬೆರಳು ಜಜ್ಜೋಗಿತ್ತು. ನಾನು ಕೇಳ್ದೆ ಮಾತಾಡ್ಬುಟ್ಟೆ. ತಪ್ಪು ನಂದು."

ಇಪ್ಪತ್ತೊಂದು ವರ್ಷದ ಹಿಂದೆ ಒಬ್ಬರ ಮುಖ ಒಬ್ಬರು ನೋಡಿಕೊಂಡವರಲ್ಲಿ ಇಬ್ಬರು ಮೂವರು ಅಲ್ಲಿದ್ದರು. ಲೋಹಿತಾ ಆರತಿ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಓಬಳಮ್ಮ ಸ್ವಲ್ಪ ಸರಿದು, ಕೂತ್ಕಳಮ್ಮ ಎಂದು ಲೋಹಿತಾಗೆ ಜಾಗ ತೋರಿಸಿದಳು.

ಕಾರು ಬಂತು. ಹೆಣ್ಣು ಇಳಿದು ಮೆಟ್ಟಿಲು ಹತ್ತಿ ಸೇರಿನ ಮುಂದೆ ನಿಂತಳು. ಮುಖದಲ್ಲಿ ಬೆವರು, ಯಾವ ಕಾಲೋ ಎಂಬ ಗಾಬರಿ. ಸಿದ್ದಗಂಗಮ್ಮ ಇನ್ನು ಮೊದಲಿನಂತೆ ಬಗ್ಗುವ ಹಾಗಿರಲಿಲ್ಲ. ಹೆಣ್ಣಿನ ಭುಜ ಹಿಡಿದು ತನ್ನ ಹತ್ತಿರಕ್ಕೆ ಎಳೆದುಕೊಂಡು, ಕಿವಿಯಲ್ಲಿ ಮೆಲ್ಲಗೆ ಕೇಳಿದಳು.

"ಕಾಲಿಗೇನಾದ್ರೂ ನೋವೈತೇನಮ್ಮ?"

ಹೆಣ್ಣು ಇಲ್ಲವೆಂದು ತಲೆಯಾಡಿಸಿತು.

"ಹಂಗಾದ್ರೆ ಬಲಗಾಲು ಇಡು" ಅಂದಳು ಸಿದ್ದಗಂಗಮ್ಮ. ಲೋಹಿತಾ ಆರತಿ ತಟ್ಟೆ ಎತ್ತಿ ಮುಂದೆ ಬಂದಳು.